ವಿದ್ಯುನ್ಮಾನ ದಾಖಲೆಗಳನ್ನು ವರ್ಗವಾರು ಜೋಡಿಸಿಕೊಳ್ಳುವ ವಿಧಾನ

ಪೀಠಿಕೆ
ಅಂತರ್ಜಾಲದ ಮೂಲಕ ಸರ್ಕಾರಿ ಸೇವೆಗಳಿಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರು ಪಡಿತರ ಚೀಟಿ, ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಮುಂತಾದವುಗಳ ಸ್ಕ್ಯಾನ್ ಪ್ರತಿಗಳನ್ನು ಗಣಕಯಂತ್ರದಲ್ಲಿ ಇಟ್ಟುಕೊಂಡಿರುತ್ತಾರೆ. ಕೊನೆಯ ದಿನಾಂಕದಂದು ಪ್ರತಿ ದೊರೆಯದಿದ್ದಲ್ಲಿ, ಅಥವಾ ಅವಧಿ ಮೀರಿದ ಪ್ರತಿಯನ್ನು ಲಗತ್ತಿಸಿದಲ್ಲಿ, ಅರ್ಹತೆಯಿದ್ದರೂ ಸೌಲಭ್ಯ ಕೈತಪ್ಪುವ ಸಂಭವವಿರುತ್ತದೆ. ಇದನ್ನು ತಪ್ಪಿಸಲು ವರ್ಗವಾರು ಜೋಡಣೆ ಸಹಕಾರಿಯಾಗಿದೆ.

1. ಫೋಲ್ಡರ್ ಪದ್ಧತಿ ಮತ್ತು ಅದರ ಮಿತಿಗಳು
ಫೋಲ್ಡರ್‌ನೊಳಗೆ ಫೋಲ್ಡರ್ ಇಡುವ ಶ್ರೇಣೀಕೃತ ಕ್ರಮವು 1960ರ ದಶಕದಲ್ಲಿ ಅಮೆರಿಕದ ಮಲ್ಟಿಕ್ಸ್ ಗಣಕ ವ್ಯವಸ್ಥೆಯಲ್ಲಿ ರೂಪುಗೊಂಡಿತು. ಕಪಾಟಿನಲ್ಲಿಟ್ಟ ಕಾಗದದ ಕಡತದಂತೆ ಇಲ್ಲಿಯೂ ಒಂದು ದಾಖಲೆಗೆ ಸಾಮಾನ್ಯವಾಗಿ ಒಂದೇ ಸ್ಥಾನ.

ಉದಾಹರಣೆಗೆ, ಎಸ್.ಎಸ್.ಎಲ್.ಸಿ. ಅಂಕಪಟ್ಟಿಯು ವಿದ್ಯಾರ್ಹತೆಗೂ ಜನ್ಮ ದಿನಾಂಕಕ್ಕೂ ಪುರಾವೆಯಾಗಿದೆ. ಅದನ್ನು ‘ವಿದ್ಯಾರ್ಥಿವೇತನ’, ‘ಪಾಸ್‌ಪೋರ್ಟ್’ ಮತ್ತು ‘ಉದ್ಯೋಗ’ ಎಂಬ ಮೂರು ಫೋಲ್ಡರ್‌ಗಳಲ್ಲಿಯೂ ಇಟ್ಟಲ್ಲಿ, ಹೆಸರು ತಿದ್ದುಪಡಿಯಾದಾಗ ಒಂದು ಪ್ರತಿ ಬದಲಾಗಿ ಉಳಿದೆರಡು ಹಳೆಯದಾಗಿಯೇ ಉಳಿಯಬಹುದು.

2. ವರ್ಗ ಪದ್ಧತಿ
ಈ ಪದ್ಧತಿಯಲ್ಲಿ ದಾಖಲೆಯು ಒಂದೇ ಕಡೆ ಇದ್ದು, ಅದಕ್ಕೆ ಹಲವು ವರ್ಗಸೂಚಿಗಳನ್ನು (ಟ್ಯಾಗ್) ನೀಡಲಾಗುತ್ತದೆ. ಯಾವ ಸೂಚಿಯಿಂದ ಹುಡುಕಿದರೂ ಅದೇ ಪ್ರತಿ ದೊರೆಯುತ್ತದೆ. ಒಂದು ವಿಷಯವನ್ನು ಹಲವು ಮುಖಗಳಿಂದ ಗುರುತಿಸುವ ಚಿಂತನೆ ಭಾರತಕ್ಕೆ ಹೊಸದಲ್ಲ. ಗ್ರಂಥಾಲಯ ವಿಜ್ಞಾನಿ ಡಾ. ಎಸ್.ಆರ್. ರಂಗನಾಥನ್ ಅವರು 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣವು ಇದೇ ತತ್ತ್ವವನ್ನು ಆಧರಿಸಿದೆ. 1962ರಲ್ಲಿ ಅವರು ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು.

2004ರಲ್ಲಿ ಆರಂಭವಾದ ಜಿಮೇಲ್ ಸೇವೆಯು ಫೋಲ್ಡರ್‌ಗಳಿಗೆ ಬದಲಾಗಿ ಲೇಬಲ್‌ಗಳನ್ನು ಬಳಕೆಗೆ ತಂದಿತು. ಆಪಲ್ ಗಣಕಯಂತ್ರಗಳಲ್ಲಿ 2013ರ ಮ್ಯಾವರಿಕ್ಸ್ ಆವೃತ್ತಿಯಿಂದ ಯಾವುದೇ ಕಡತಕ್ಕೆ ಟ್ಯಾಗ್ ನೀಡಬಹುದಾಗಿದೆ. ವಿಂಡೋಸ್‌ನಲ್ಲಿ ಜೆಪೆಗ್ ಚಿತ್ರಗಳಿಗೆ ‘ಪ್ರಾಪರ್ಟೀಸ್’ನ ‘ಡೀಟೇಲ್ಸ್’ ಪುಟದಲ್ಲಿ ಟ್ಯಾಗ್ ಬರೆಯಬಹುದು, ಪಿ.ಡಿ.ಎಫ್. ಕಡತಗಳಿಗೆ ಈ ಸೌಲಭ್ಯ ನೇರವಾಗಿ ಲಭ್ಯವಿರುವುದಿಲ್ಲ. ಆದುದರಿಂದ ವರ್ಗಸೂಚಿಗಳನ್ನು ಕಡತದ ಹೆಸರಿನಲ್ಲಿಯೇ ಸೇರಿಸುವುದು ಎಲ್ಲ ಯಂತ್ರಗಳಿಗೂ ಹೊಂದುವ ಸುಲಭ ಕ್ರಮವಾಗಿದೆ.

3. ಅನುಸರಿಸಬಹುದಾದ ಕ್ರಮ
(ಅ) ಕುಟುಂಬದ ಎಲ್ಲ ದಾಖಲೆಗಳನ್ನು ‘ದಾಖಲೆಗಳು’ ಎಂಬ ಒಂದೇ ಫೋಲ್ಡರ್‌ನಲ್ಲಿ ಇಡುವುದು.
(ಆ) ಹೆಸರಿನಲ್ಲಿ ದಾಖಲೆಯ ಬಗೆ, ಯಾರದ್ದು, ಉಪಯೋಗ ಮತ್ತು ನೀಡಿದ ದಿನಾಂಕಗಳನ್ನು ಇದೇ ಅನುಕ್ರಮದಲ್ಲಿ ಬರೆಯುವುದು. ಮಾದರಿ: ಅಂಕಪಟ್ಟಿ_ಮಗಳು_ಜನ್ಮದಿನಾಂಕ_ವಿದ್ಯಾರ್ಹತೆ_2022-05-19.
(ಇ) ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ನಮೂದಿಸುವುದು. ಇದರಿಂದ ಒಂದೇ ಬಗೆಯ ದಾಖಲೆಗಳು ಕಾಲಾನುಕ್ರಮವಾಗಿ ನಿಲ್ಲುತ್ತವೆ. ವಿಂಡೋಸ್‌ನಲ್ಲಿ ಕಡತದ ಹೆಸರಿನೊಳಗೆ ಓರೆಗೆರೆ ಬಳಸಲು ಅವಕಾಶವಿಲ್ಲವಾದ್ದರಿಂದ ಅಡ್ಡಗೆರೆ ಬಳಸುವುದು.
(ಈ) ಅವಧಿಯುಳ್ಳ ಪ್ರಮಾಣಪತ್ರಗಳಿಗೆ ‘ಮುಕ್ತಾಯ’ ಎಂಬ ಪದದೊಡನೆ ಅವಧಿ ಮುಗಿಯುವ ವರ್ಷವನ್ನು ಸೇರಿಸುವುದು.

4. ಗಮನಿಸಬೇಕಾದ ಅಂಶಗಳು
• ಒಂದು ದಾಖಲೆಗೆ ಒಂದೇ ಪದವನ್ನು ನಿಗದಿಪಡಿಸಿಕೊಳ್ಳುವುದು. ಪಹಣಿ, ಉತಾರ, ಆರ್.ಟಿ.ಸಿ. ಎಂದು ಬೇರೆ ಬೇರೆಯಾಗಿ ಬರೆದಲ್ಲಿ ಒಂದರ ಹುಡುಕಾಟದಲ್ಲಿ ಮತ್ತೊಂದು ದೊರೆಯುವುದಿಲ್ಲ. ಬಳಸುವ ಪದಗಳ ಪಟ್ಟಿಯನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳುವುದು ಸೂಕ್ತ.
• ಕನ್ನಡ ಹೆಸರುಗಳನ್ನು ಯೂನಿಕೋಡ್‌ನಲ್ಲಿಯೇ ಟೈಪ್ ಮಾಡುವುದು.
• ತಿದ್ದುಪಡಿಯಾದ ದಾಖಲೆ ಬಂದ ಕೂಡಲೇ ಹಳೆಯದರ ಹೆಸರಿಗೆ ‘ರದ್ದು’ ಎಂದು ಸೇರಿಸುವುದು.
• ಜೆಪೆಗ್ ಚಿತ್ರದ ಟ್ಯಾಗ್ ಕಡತದೊಳಗೇ ಇರುವುದರಿಂದ ಚಿತ್ರದೊಂದಿಗೆ ಇತರರಿಗೂ ತಲುಪಬಹುದು. ಅದರಲ್ಲಿ ಖಾಸಗಿ ವಿವರಗಳನ್ನು ಬರೆಯಬಾರದು.
• ಸೈಬರ್ ಕೇಂದ್ರಗಳಲ್ಲಿ ಅರ್ಜಿ ಸಲ್ಲಿಸಿದ ನಂತರ ಅಲ್ಲಿನ ಯಂತ್ರದಲ್ಲಿ ಉಳಿದ ಪ್ರತಿಗಳನ್ನು ತಪ್ಪದೇ ಅಳಿಸುವುದು.
• ಇಡೀ ಫೋಲ್ಡರ್‌ನ ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಪ್ರತ್ಯೇಕವಾಗಿ ಕಾಯ್ದಿರಿಸುವುದು.

ಮೇಲ್ಕಂಡ ಕ್ರಮವು ಅರ್ಜಿದಾರರ ಅನುಕೂಲಕ್ಕಾಗಿ ಮಾತ್ರ. ಅರ್ಜಿಯೊಂದಿಗೆ ಲಗತ್ತಿಸಬೇಕಾದ ದಾಖಲೆಗಳ ಗಾತ್ರ, ನಮೂನೆ ಮತ್ತು ಹೆಸರಿನ ಬಗ್ಗೆ ಆಯಾ ಸೇವೆಯ ಸೂಚನೆಗಳೇ ಅನ್ವಯವಾಗುತ್ತವೆ.