ಹಾಸಿಗೆ ಹಿಡಿದವರ ಆರೈಕೆ: ಮನೆಯವರಿಗೆ ಯಾರ್ಯಾರ ನೆರವು?

ಪಾರ್ಶ್ವವಾಯು, ಕ್ಯಾನ್ಸರ್, ಸೊಂಟದ ಮೂಳೆ ಮುರಿತ ಮೊದಲಾದ ಕಾರಣಗಳಿಂದ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಭಾರ ಹೆಚ್ಚಾಗಿ ಮನೆಯ ಒಬ್ಬರ ಮೇಲೆಯೇ ಬೀಳುತ್ತದೆ. ಕಾಸರಗೋಡಿನ ಗಡಿ ಗ್ರಾಮದವರು ದೊಡ್ಡ ಚಿಕಿತ್ಸೆಗೆ ಮಂಗಳೂರಿಗೆ ಹೋಗುವುದು ರೂಢಿ. ಆದರೆ ದಿನನಿತ್ಯದ ಆರೈಕೆಗೆ ನೆರವಾಗುವ ತಂಡ ಸ್ವಂತ ಪಂಚಾಯತಿನಲ್ಲೇ ಇರಬೇಕು. 2020ರ ಮಾರ್ಚ್‌ನಲ್ಲಿ ಕೊರೋನಾ ಕಾರಣದಿಂದ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ಹಲವು ರೋಗಿಗಳು ಮೃತಪಟ್ಟದ್ದು ವರದಿಯಾಗಿತ್ತು.

ಪಾಲಿಯೇಟಿವ್ ನರ್ಸ್

ಸಾಂತ್ವನ ಆರೈಕೆಗೆಂದೇ ನೀತಿ ರೂಪಿಸಿದ ಮೊದಲ ರಾಜ್ಯ ಕೇರಳ (2008). ಇದರಂತೆ ಪಂಚಾಯತು ಮತ್ತು ಸರಕಾರಿ ಆರೋಗ್ಯ ಕೇಂದ್ರ ಸೇರಿ ಮನೆ ಭೇಟಿ ನಡೆಸುತ್ತವೆ. ಮಲಯಾಳದ ಫಲಕಗಳಲ್ಲಿ ಇದಕ್ಕೆ 'ಸಾಂತ್ವನ ಪರಿಚರಣಂ' ಎಂದಿರುತ್ತದೆ. ತರಬೇತಿ ಪಡೆದ ನರ್ಸ್ ಮನೆಗೇ ಬಂದು ಮೂತ್ರದ ನಳಿಕೆ ಬದಲಾಯಿಸುವುದು, ಹಾಸಿಗೆ ಹುಣ್ಣಿಗೆ ಮದ್ದು ಕಟ್ಟುವುದು ಮೊದಲಾದ ಕೆಲಸ ಮಾಡುತ್ತಾರೆ. ಆಸ್ಪತ್ರೆಯಿಂದ ಬಿಡುಗಡೆಯಾದ ಚೀಟಿಯೊಂದಿಗೆ ಆರೋಗ್ಯ ಕೇಂದ್ರಕ್ಕೆ ಹೋಗಿ ರೋಗಿಯ ಹೆಸರು ನೋಂದಾಯಿಸಿ. ದಾರಿ ತಿಳಿಯದಿದ್ದರೆ ಆಶಾ ಕಾರ್ಯಕರ್ತೆ ಅಥವಾ ವಾರ್ಡು ಸದಸ್ಯರನ್ನು ಕೇಳಬಹುದು.

ವೈದ್ಯರು ಮತ್ತು ಫಿಸಿಯೋಥೆರಪಿಸ್ಟ್

ಮಂಗಳೂರಿನ ತಜ್ಞರು ಬರೆದ ಮದ್ದಿನ ಪಟ್ಟಿಯ ಒಂದು ಪ್ರತಿ ಊರಿನ ವೈದ್ಯರಲ್ಲೂ ಇರಲಿ. ಇಬ್ಬರು ವೈದ್ಯರು ಒಂದೇ ಮದ್ದನ್ನು ಬೇರೆ ಬೇರೆ ಹೆಸರಿನಲ್ಲಿ ಕೊಡುವ ಅಪಾಯ ಇದರಿಂದ ತಪ್ಪುತ್ತದೆ. ಫಿಸಿಯೋಥೆರಪಿಸ್ಟ್ ದಿನವೂ ಬರಲಾರರು. ಆದ್ದರಿಂದ ಕೈಕಾಲು ಆಡಿಸುವ, ಎತ್ತಿ ಕೂರಿಸುವ ಕ್ರಮವನ್ನು ಅವರಿಂದ ಮನೆಯ ಇಬ್ಬರಾದರೂ ಕಲಿತುಕೊಳ್ಳಬೇಕು. ತಾವಾಗಿ ಹೊರಳಲಾಗದವರನ್ನು ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ ಮಲಗಿಸುವುದು ಮನೆಯವರದೇ ಕೆಲಸ. ಚರ್ಮ ಕೆಂಪಾಗಿ ಹಾಗೆಯೇ ಉಳಿದರೆ ಹುಣ್ಣಾಗುವವರೆಗೆ ಕಾಯದೆ ನರ್ಸ್‌ಗೆ ತಿಳಿಸಿ.

ಭಾಷೆ

ಅಜ್ಜ ಅಜ್ಜಿಯಂದಿರಿಗೆ ಕನ್ನಡ, ತುಳು ಮಾತ್ರ ಬರುತ್ತದೆ. ನರ್ಸ್‌ಗೆ ಬರೀ ಮಲಯಾಳ ಬರಬಹುದು. ಆಗ ಮನೆಯವರೇ ದುಭಾಷಿ. 'ನೋವು' ಎಂದಷ್ಟೇ ಹೇಳಿದರೆ ಸಾಲದು. ಉರಿ, ಜುಮ್ಮು, ವಿದ್ಯುತ್ ಹೊಡೆದಂತಹ ಸೆಳೆತ ಇವು ನರದ ನೋವಿನ ಲಕ್ಷಣ ಆಗಿರಬಹುದು. ಅದಕ್ಕೆ ಕೊಡುವ ಮದ್ದು ಬೇರೆ. ಎಲ್ಲಿ, ಯಾವಾಗ, ಹೇಗೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮದ್ದು ಕೊಟ್ಟ ಹೊತ್ತು, ಊಟ, ಮಲಮೂತ್ರದ ವಿವರವೂ ಅದರಲ್ಲೇ ಇರಲಿ. ಮನೆಗೆ ಬರುವ ಪ್ರತಿಯೊಬ್ಬರಿಗೂ ಅದೇ ಪುಸ್ತಕ ತೋರಿಸಿ.

ಧನಸಹಾಯ ಮತ್ತು ತುರ್ತು ಕರೆ

ಹಾಸಿಗೆ ಹಿಡಿದವರ ಆರೈಕೆ ಮಾಡುವವರಿಗಾಗಿ ಕೇರಳದಲ್ಲಿ 'ಆಶ್ವಾಸಕಿರಣಂ' ಎಂಬ ಯೋಜನೆಯಿದೆ. ಇದರಲ್ಲಿ ನಿಗದಿಯಾದ ಮೊತ್ತ ತಿಂಗಳಿಗೆ 600 ರೂಪಾಯಿ. ಹೊಸ ಅರ್ಜಿ ತೆಗೆದುಕೊಳ್ಳುತ್ತಾರೆಯೇ ಎಂದು ಅಂಗನವಾಡಿಯಲ್ಲಿ ಮೊದಲೇ ವಿಚಾರಿಸಿ. ಆರೋಗ್ಯ ಸಲಹೆಗೆ 'ದಿಶ' ಸಹಾಯವಾಣಿ 1056, ಆಂಬುಲೆನ್ಸ್‌ಗೆ 108.

ಆರೈಕೆ ಮಾಡುವವರ ಆರೋಗ್ಯ

ನಿದ್ದೆಗೇಡು, ಬೆನ್ನುನೋವು, ಬೇಸರ ಇವನ್ನು ನುಂಗಿಕೊಂಡು ಕೂರುವವರೇ ಹೆಚ್ಚು. ನರ್ಸ್ ಬಂದಾಗ ನಿಮ್ಮ ಕಷ್ಟವನ್ನೂ ಹೇಳಿ. ಅದನ್ನು ಕೇಳುವುದೂ ಸಾಂತ್ವನ ಆರೈಕೆಯ ಭಾಗ. ವಾರದಲ್ಲಿ ಅರ್ಧ ದಿನವಾದರೂ ಬಂಧುಗಳೋ ನೆರೆಯವರೋ ರೋಗಿಯ ಬಳಿ ಕೂರುವಂತೆ ಮೊದಲೇ ಮಾತಾಡಿ ಗೊತ್ತುಮಾಡಿಕೊಳ್ಳಿ. ನೋಡಿಕೊಳ್ಳುವವರೇ ಮಲಗಿದರೆ ಮನೆಯಲ್ಲಿ ರೋಗಿಗಳು ಇಬ್ಬರಾಗುತ್ತಾರೆ.