ದೋಣಿಯ ಮೇಲ್ಕಟ್ಟು

ದೋಣಿಯ ಮೇಲ್ಕಟ್ಟು ಎಂಬುದು ಚಿಕ್ಕ ಮೋಟಾರು ದೋಣಿಯಲ್ಲಿ ಕುಳಿತವರನ್ನು ಬಿಸಿಲು ಹಾಗೂ ತುಂತುರು ಮಳೆಯಿಂದ ಕಾಪಾಡಲು ಲೋಹದ ಕಮಾನುಗಳ ಮೇಲೆ ಬಟ್ಟೆಯನ್ನು ಬಿಗಿದು ಕಟ್ಟುವ ಮಡಚು ಚಾವಣಿಯಾಗಿದೆ. ಇದರ ಮುಂಭಾಗ, ಹಿಂಭಾಗ ಮತ್ತು ಬದಿಗಳು ತೆರೆದಿರುತ್ತವೆ. ಇಂಗ್ಲಿಷಿನಲ್ಲಿ ಇದಕ್ಕೆ ಬಿಮಿನಿ ಟಾಪ್ ಎಂದು ಹೆಸರು. ಸರಿಯಾಗಿ ಆರಿಸಿ ಜೋಡಿಸಿದ ಮೇಲ್ಕಟ್ಟು ಪ್ರಯಾಣವನ್ನು ಹಿತಕರವಾಗಿಸುತ್ತದೆ. ತಪ್ಪಾಗಿ ಜೋಡಿಸಿದ ಮೇಲ್ಕಟ್ಟು ಗಾಳಿಯನ್ನು ಹಿಡಿದು ದೋಣಿಯ ಸಮತೋಲವನ್ನೇ ಕೆಡಿಸಬಲ್ಲದು.

ಹೆಸರು ಮತ್ತು ಹಿನ್ನೆಲೆ

ಬಿಮಿನಿ ಎಂಬುದು ಅಮೆರಿಕದ ಫ್ಲಾರಿಡಾ ತೀರಕ್ಕೆ ಸಮೀಪದಲ್ಲಿರುವ, ಬಹಾಮಾಸ್ ದೇಶಕ್ಕೆ ಸೇರಿದ ದ್ವೀಪಗಳ ಹೆಸರು. ಆ ಹೆಸರೇ ಈ ಬಗೆಯ ಚಾವಣಿಗೆ ಬಳಕೆಯಾಗಿದೆ. ದೋಣಿಗೆ ನೆರಳು ಕಟ್ಟುವ ರೂಢಿ ದಕ್ಷಿಣ ಭಾರತಕ್ಕೆ ಹೊಸದೇನಲ್ಲ. ಕೇರಳದ ಕೆಟ್ಟುವಳ್ಳಂ ದೋಣಿಗಳಿಗೆ ಬಿದಿರು ಮತ್ತು ಚಾಪೆಯ ಕಮಾನು ಹೊದಿಕೆ ಇರುತ್ತದೆ. ಕನ್ನಡನಾಡಿನ ಕಮಾನು ಗಾಡಿಯ ಹೊದಿಕೆಯೂ ಇದೇ ತತ್ತ್ವವನ್ನು ಅನುಸರಿಸುತ್ತದೆ. ಆದರೆ ಕಾವೇರಿ, ತುಂಗಭದ್ರೆಗಳಲ್ಲಿ ಬಳಸುವ ಹರಿಗೋಲಿಗೆ ಚಾವಣಿ ಕಟ್ಟುವುದಿಲ್ಲ. ದುಂಡಗಿನ, ಹಗುರವಾದ, ಆಳವಿಲ್ಲದ ಆ ವಾಹನ ಎತ್ತರದ ಭಾರವನ್ನೂ ಗಾಳಿಯ ಒತ್ತಡವನ್ನೂ ತಾಳುವಂಥದ್ದಲ್ಲ.

ಭಾಗಗಳು

ಚೌಕಟ್ಟು: ಎರಡು, ಮೂರು ಅಥವಾ ನಾಲ್ಕು ಕಮಾನುಗಳಿರುತ್ತವೆ. ಮುಖ್ಯ ಕಮಾನಿನ ಎರಡೂ ಕಾಲುಗಳು ದೋಣಿಯ ಅಂಚಿಗೆ ಕೀಲುಗಳ ಮೂಲಕ ಸೇರಿರುತ್ತವೆ. ಉಳಿದ ಕಮಾನುಗಳು ಮುಖ್ಯ ಕಮಾನಿಗೆ ಕೀಲಿಸಲ್ಪಟ್ಟು ಕೊಡೆಯ ಕಡ್ಡಿಗಳಂತೆ ತೆರೆದುಕೊಳ್ಳುತ್ತವೆ.

ಹೊದಿಕೆ: ಕಮಾನುಗಳನ್ನು ತೂರಿಸಲು ಒಳಗಡೆ ತೋಳುಗಳನ್ನು ಹೊಲಿದ ಬಟ್ಟೆ.

ಬಿಗಿಪಟ್ಟಿಗಳು: ಮುಂದಿನ ಮತ್ತು ಹಿಂದಿನ ಕಮಾನುಗಳನ್ನು ದೋಣಿಯ ಅಂಚಿಗೆ ಎಳೆದು ಹಿಡಿಯುವ, ಬಕಲ್ ಇರುವ ಪಟ್ಟಿಗಳು. ಚಾವಣಿ ಗಟ್ಟಿಯಾಗಿ ನಿಲ್ಲುವುದು ಇವುಗಳ ಎಳೆತದಿಂದಲೇ.

ಆಯ್ಕೆ

ಲೋಹ: ಕೊಳವೆಗಳು ಸಾಮಾನ್ಯವಾಗಿ 22ರಿಂದ 25 ಮಿಲಿಮೀಟರ್ ವ್ಯಾಸದವು. ಅಲ್ಯೂಮಿನಿಯಂ ಹಗುರ ಮತ್ತು ಅಗ್ಗ. ಕೆರೆ, ಜಲಾಶಯಗಳ ಸಿಹಿನೀರಿಗೆ ಸಾಕಾಗುತ್ತದೆ. ತುಕ್ಕುರಹಿತ ಉಕ್ಕು ಹೆಚ್ಚು ಬಲವಾದದ್ದು, ಆದರೆ ಭಾರ. ಮಂಗಳೂರು, ಮಲ್ಪೆ, ಕಾರವಾರದಂತಹ ಉಪ್ಪುನೀರಿನ ಪ್ರದೇಶಗಳಿಗೆ 304 ದರ್ಜೆಯ ಉಕ್ಕಿಗಿಂತ 316 ದರ್ಜೆಯದು ಯೋಗ್ಯ.

ಬಟ್ಟೆ: ಅಕ್ರಿಲಿಕ್ ಬಟ್ಟೆಯಲ್ಲಿ ನೂಲು ತೆಗೆಯುವ ಮೊದಲೇ ದ್ರಾವಣದಲ್ಲಿ ಬಣ್ಣ ಬೆರೆಸುವ ವಿಧಾನವಿದೆ. ಬಣ್ಣ ಎಳೆಯ ಒಳಗೆಲ್ಲ ವ್ಯಾಪಿಸಿರುವುದರಿಂದ ಇಂತಹ ಬಟ್ಟೆ ಬಿಸಿಲಿಗೆ ಬೇಗ ಮಾಸುವುದಿಲ್ಲ; ಗಾಳಿಯಾಡುವುದರಿಂದ ಬೂಷ್ಟೂ ಕಡಿಮೆ. ಪಿವಿಸಿ ಲೇಪಿತ ಪಾಲಿಯೆಸ್ಟರ್ ನೀರನ್ನು ಪೂರ್ಣವಾಗಿ ತಡೆಯುತ್ತದೆ, ಆದರೆ ಅದರ ಕೆಳಗೆ ಸೆಕೆ ಹೆಚ್ಚು. ಅಗ್ಗದ ರೆಕ್ಸಿನ್ ಬಿಸಿಲಿನಲ್ಲಿ ಗಡುಸಾಗಿ ಬಿರಿಯುತ್ತದೆ. ತಿಳಿ ಬಣ್ಣದ ಬಟ್ಟೆ ಕಡಿಮೆ ಕಾಯುತ್ತದೆ. ಗಾಢ ಬಣ್ಣದ್ದು ಕಣ್ಣು ಕೋರೈಸುವ ಬೆಳಕನ್ನು ಹೆಚ್ಚು ತಡೆಯುತ್ತದೆ.

ಹೊಲಿಗೆ: ಬಟ್ಟೆ ಹರಿಯುವ ಮೊದಲೇ ಹೊಲಿಗೆ ಬಿಡುವುದು ಸಾಮಾನ್ಯ. ಹತ್ತಿಯ ದಾರ ನೀರಿಗೆ ಕೊಳೆಯುತ್ತದೆ. ಸಾಧಾರಣ ನೈಲಾನ್ ದಾರ ಬಿಸಿಲಿಗೆ ಶಕ್ತಿ ಕಳೆದುಕೊಳ್ಳುತ್ತದೆ. ಅತಿನೇರಳೆ ಕಿರಣಗಳನ್ನು ತಾಳುವ ಪಾಲಿಯೆಸ್ಟರ್ ದಾರ ಉತ್ತಮ. ಸಿದ್ಧ ಮೇಲ್ಕಟ್ಟು ದೊರೆಯದಿದ್ದಲ್ಲಿ ಆಟೋರಿಕ್ಷಾ ಮತ್ತು ಜೀಪುಗಳ ಹುಡ್ ಹೊಲಿಯುವ ಕಸುಬುದಾರರಿಂದ ಹೊಲಿಸಿಕೊಳ್ಳಬಹುದು.

ಸೂರ್ಯನ ಕೋನ ಮತ್ತು ನೆರಳು

ಮೈಸೂರು ಉತ್ತರ ಅಕ್ಷಾಂಶ 12.3 ಡಿಗ್ರಿಯ ಸಮೀಪದಲ್ಲಿದೆ. ಇಲ್ಲಿ ಏಪ್ರಿಲ್ 22ರ ಆಸುಪಾಸು ಮತ್ತು ಆಗಸ್ಟ್ ಮೂರನೆಯ ವಾರದ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ. ಆಗ ಮೇಲ್ಕಟ್ಟಿನ ನೆರಳು ಸರಿಯಾಗಿ ಅದರ ಕೆಳಗೇ ಬೀಳುತ್ತದೆ. ಬೆಳಿಗ್ಗೆ, ಸಂಜೆ ಹಾಗಿರುವುದಿಲ್ಲ. ಆಸನದಿಂದ 1.2 ಮೀಟರ್ ಎತ್ತರದಲ್ಲಿ ಚಾವಣಿ ಇದ್ದರೆ, ಸೂರ್ಯ 45 ಡಿಗ್ರಿ ಮೇಲಿದ್ದಾಗ ನೆರಳು 1.2 ಮೀಟರ್ ಪಕ್ಕಕ್ಕೆ ಸರಿದಿರುತ್ತದೆ. 30 ಡಿಗ್ರಿ ಮೇಲಿದ್ದಾಗ ಸುಮಾರು 2 ಮೀಟರ್ ಸರಿಯುತ್ತದೆ. ಚಿಕ್ಕ ದೋಣಿಯ ಅಗಲವೇ ಅಷ್ಟಿರುವುದರಿಂದ ಆಗ ನೆರಳು ನೀರಿನ ಮೇಲೆ ಬೀಳುತ್ತದೆ. ಚಾವಣಿಯನ್ನು ಎತ್ತರಿಸಿದಷ್ಟೂ ಈ ದೋಷ ಹೆಚ್ಚುತ್ತದೆ. ಆದ್ದರಿಂದ ಕುಳಿತು ಮಾತ್ರ ಸಾಗುವ ದೋಣಿಗೆ ತಗ್ಗಾದ ಮೇಲ್ಕಟ್ಟೇ ಮೇಲು. ನಿಂತು ನಡೆಸುವ ದೋಣಿಗೆ ಮಾತ್ರ ಸುಮಾರು 1.9 ಮೀಟರ್ ತಲೆಯೆತ್ತರ ಬೇಕಾಗುತ್ತದೆ.

ಅಳತೆ

ಮೂರು ಅಳತೆಗಳು ಮುಖ್ಯ. ಅಗಲವೆಂದರೆ ದೋಣಿಯ ಒಟ್ಟು ಅಗಲವಲ್ಲ. ಎಡ ಮತ್ತು ಬಲ ಕೀಲುಗಳು ಕೂರುವ ಎರಡು ಬಿಂದುಗಳ ನಡುವಿನ ಅಂತರ. ಉದ್ದವೆಂದರೆ ನೆರಳು ಬೇಕಾದ ಭಾಗದ ಉದ್ದ. ಎತ್ತರವನ್ನು ಕೀಲು ಕೂರುವ ಜಾಗದಿಂದ ಚಾವಣಿಯ ನೆತ್ತಿಯವರೆಗೆ ಅಳೆಯಬೇಕು. ಕೀಲುಗಳ ಸ್ಥಾನ ಸಾಮಾನ್ಯವಾಗಿ ಉದ್ದದ ನಡುಭಾಗಕ್ಕೆ ಬರುತ್ತದೆ. ಉದಾಹರಣೆಗೆ, 2.4 ಮೀಟರ್ ಉದ್ದದ ಚಾವಣಿಗೆ ಮುಂದೆ 1.2, ಹಿಂದೆ 1.2 ಮೀಟರ್ ತೆರವು ಬೇಕು.

ತೂತು ಕೊರೆಯುವ ಮೊದಲು ಚೌಕಟ್ಟನ್ನು ಹಗ್ಗದಿಂದ ತಾತ್ಕಾಲಿಕವಾಗಿ ನಿಲ್ಲಿಸಿ ನೋಡುವುದು ಒಳ್ಳೆಯದು. ನಡೆಸುವವನಿಗೆ ಸುತ್ತಲೂ ನೋಟ ಸಿಗುತ್ತದೆಯೇ, ಔಟ್‌ಬೋರ್ಡ್ ಎಂಜಿನ್ನನ್ನು ಮೇಲೆತ್ತಲು ಅಡ್ಡಿಯಾಗುವುದಿಲ್ಲವೇ, ಲಂಗರಿನ ಬಳಿಗೆ ಹೋಗಲು ದಾರಿಯಿದೆಯೇ, ಮಡಚಿದ ಕಟ್ಟು ಎಲ್ಲಿ ಒರಗುತ್ತದೆ ಎಂಬುದನ್ನು ಆಗಲೇ ಪರೀಕ್ಷಿಸಬೇಕು.

ಜೋಡಣೆ

1. ಗುರುತು ಹಾಕಿದ ಜಾಗದ ಅಡಿಯಲ್ಲಿ ಇಂಧನದ ಕೊಳವೆ ಅಥವಾ ವಿದ್ಯುತ್ ತಂತಿ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

2. ಎರಡೂ ಬದಿಯ ಕೀಲುಗಳು ಹಿಂಭಾಗದಿಂದ ಸಮಾನ ದೂರದಲ್ಲಿರಬೇಕು. ಇಲ್ಲವಾದರೆ ಚೌಕಟ್ಟು ಓರೆಯಾಗಿ ಬಟ್ಟೆ ಸುಕ್ಕುಗಟ್ಟುತ್ತದೆ.

3. ಫೈಬರ್ ದೋಣಿಯಲ್ಲಿ ತೂತಿನ ಮೇಲಂಚನ್ನು ಸ್ವಲ್ಪ ಓರೆಯಾಗಿ ಕೆರೆದರೆ ಮೇಲ್ಪದರ ಬಿರಿಯುವುದಿಲ್ಲ.

4. ಕೈಗೆಟುಕುವೆಡೆ ಸ್ಕ್ರೂಗಳಿಗೆ ಬದಲಾಗಿ ಆರಪಾರ ಬೋಲ್ಟುಗಳನ್ನು ಹಾಕಿ, ಒಳಬದಿಯಲ್ಲಿ ಅಗಲವಾದ ವಾಷರ್ ಅಥವಾ ಲೋಹದ ಹಲಗೆ ಇಟ್ಟು ಬಿಗಿಯಬೇಕು. ಬರಿಯ ಸ್ಕ್ರೂ ಗಾಳಿಯ ಸೆಳೆತಕ್ಕೆ ಕಿತ್ತು ಬರಬಹುದು.

5. ತೂತಿನೊಳಗೆ ನೀರು ಇಳಿಯದಂತೆ ದೋಣಿಗೆ ಬಳಸುವ ಪಾಲಿಯುರೆಥೇನ್ ಅಂಟನ್ನು ತುಂಬಬೇಕು.

6. ಅಲ್ಯೂಮಿನಿಯಂ ಮತ್ತು ಉಕ್ಕು ನೇರವಾಗಿ ತಾಗಿಕೊಂಡು ತೇವಗೊಂಡರೆ ಅಲ್ಯೂಮಿನಿಯಂ ಸವೆಯುತ್ತದೆ. ಇವೆರಡರ ನಡುವೆ ನೈಲಾನ್ ವಾಷರ್ ಇಡಬೇಕು.

7. ಮುಂದಿನ ಮತ್ತು ಹಿಂದಿನ ಪಟ್ಟಿಗಳನ್ನು ಸುಮಾರು 45 ಡಿಗ್ರಿ ಓರೆಯಲ್ಲಿ ಬಿಗಿಯಬೇಕು. ಮಳೆನೀರು ನಿಲ್ಲದಂತೆ ಚಾವಣಿಗೆ ತುಸು ಇಳಿಜಾರು ಇರಬೇಕು. ಒಂದು ಚದರ ಮೀಟರ್ ಜಾಗದಲ್ಲಿ 5 ಸೆಂಟಿಮೀಟರ್ ನೀರು ನಿಂತರೂ ಅದರ ಭಾರ 50 ಕಿಲೋಗ್ರಾಂ ಆಗುತ್ತದೆ.

ಗಾಳಿ ಮತ್ತು ಸ್ಥಿರತೆ

ಮೇಲ್ಕಟ್ಟಿನ ಸ್ವಂತ ಭಾರ ಕಡಿಮೆ. ಅಪಾಯ ಬರುವುದು ಗಾಳಿಯಿಂದ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ಗಾಳಿಯ ಒತ್ತಡ ಪ್ರತಿ ಚದರ ಮೀಟರಿಗೆ ಸುಮಾರು 17 ಕಿಲೋಗ್ರಾಂ ಭಾರಕ್ಕೆ ಸಮ. 1.8 ಮೀಟರ್ ಅಗಲ, 2.4 ಮೀಟರ್ ಉದ್ದದ ಚಾವಣಿ ಆ ಒತ್ತಡವನ್ನು ಪೂರ್ತಿಯಾಗಿ ಹಿಡಿದರೆ 70 ಕಿಲೋಗ್ರಾಮಿಗೂ ಮಿಕ್ಕಿದ ಸೆಳೆತ ಉಂಟಾಗುತ್ತದೆ. ದೋಣಿಯ ವೇಗವೂ ಎದುರುಗಾಳಿಗೆ ಸೇರುತ್ತದೆ: 30 ಕಿಲೋಮೀಟರ್ ವೇಗದ ಗಾಳಿಗೆದುರಾಗಿ 30 ಕಿಲೋಮೀಟರ್ ವೇಗದಲ್ಲಿ ಸಾಗಿದರೆ ಚಾವಣಿಗೆ ತಗಲುವುದು 60 ಕಿಲೋಮೀಟರ್ ವೇಗದ ಗಾಳಿ.

ಮೈಸೂರು ಪ್ರಾಂತದಲ್ಲಿ ಏಪ್ರಿಲ್, ಮೇ ತಿಂಗಳುಗಳ ಸಂಜೆ ಗುಡುಗು ಮಳೆಗೆ ಮೊದಲು ಬಿರುಗಾಳಿ ಹಠಾತ್ತನೆ ಏಳುತ್ತದೆ. ಮೋಡ ಕವಿದ ಕೂಡಲೇ ಮೇಲ್ಕಟ್ಟನ್ನು ಮಡಚಿ ಕಟ್ಟಿ ದಡ ಸೇರುವುದು ಕ್ಷೇಮ. ಚಾವಣಿಯ ಮೇಲೆ ಹತ್ತುವುದು, ಸಾಮಾನು ಇಡುವುದು, ಕಮಾನನ್ನು ಆಧಾರವಾಗಿ ಹಿಡಿದು ನಿಲ್ಲುವುದು ನಿಷಿದ್ಧ.

ದೋಣಿ ಮಗುಚಿದಾಗ ಚಾವಣಿಯ ಅಡಿಯಲ್ಲಿದ್ದವರು ಹೊರಬರಲು ಕಷ್ಟವಾಗಬಹುದು. ಬದಿಗಳಿಗೆ ಪರದೆ ಕಟ್ಟಿದ್ದರೆ ಈ ಅಪಾಯ ಇಮ್ಮಡಿಸುತ್ತದೆ. ಪರದೆಗಳು ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವಂತಿರಬೇಕು. ಪ್ರಯಾಣಿಕರೆಲ್ಲರೂ ಜೀವರಕ್ಷಕ ಜಾಕೆಟ್ ಧರಿಸಿ, ತೆರೆದ ಬದಿಗೆ ಹತ್ತಿರವಾಗಿ ಕುಳಿತಿರಬೇಕು.

ಎತ್ತರದ ಭಾರ ಮತ್ತು ಜನರ ಚಲನೆ ಎಷ್ಟು ಅಪಾಯಕಾರಿ ಎಂಬುದಕ್ಕೆ ನೆರೆಯ ಕೇರಳದ ದುರಂತಗಳು ಉದಾಹರಣೆ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ ‘ಜಲಕನ್ಯಕ’ ಎಂಬ ಪ್ರವಾಸಿ ದೋಣಿ ಮಗುಚಿ 45 ಮಂದಿ ಮೃತಪಟ್ಟರು. ದಡದ ಪ್ರಾಣಿಗಳನ್ನು ನೋಡಲು ಜನ ಒಂದೇ ಬದಿಗೆ ಸರಿದರೆಂದು ಆಗ ವರದಿಯಾಯಿತು. 2023ರ ಮೇ 7ರಂದು ತಾನೂರಿನಲ್ಲಿ ಎರಡಂತಸ್ತಿನ ದೋಣಿ ಮುಳುಗಿ 22 ಮಂದಿ ಸತ್ತರು. ಅವು ದೊಡ್ಡ ದೋಣಿಗಳಾದರೂ ಪಾಠ ಚಿಕ್ಕ ದೋಣಿಗೂ ಅನ್ವಯಿಸುತ್ತದೆ. ಭಾರತದಲ್ಲಿ ಒಳನಾಡಿನ ಯಂತ್ರಚಾಲಿತ ದೋಣಿಗಳ ನೋಂದಣಿ ಮತ್ತು ಸುರಕ್ಷತೆಗೆ 1917ರ ಕಾಯಿದೆಯ ಬದಲಿಗೆ 2021ರ ಒಳನಾಡು ಹಡಗುಗಳ ಅಧಿನಿಯಮ ಜಾರಿಗೆ ಬಂದಿದೆ.

ಮೈಸೂರು ಪ್ರದೇಶದಲ್ಲಿ

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿರುವ ಕಬಿನಿ ಜಲಾಶಯದ ಹಿನ್ನೀರು ನಾಗರಹೊಳೆ ಮತ್ತು ಬಂಡೀಪುರ ಅರಣ್ಯಗಳ ನಡುವೆ ಹರಡಿದೆ. ಇಲ್ಲಿ ಮೋಟಾರು ದೋಣಿಯ ಸಫಾರಿ ಪ್ರಸಿದ್ಧ. ಬೇಸಗೆಯಲ್ಲಿ ಆನೆಗಳು ನೀರಿಗೆ ಬರುವ ಕಾಲವೇ ಬಿಸಿಲು ಅತ್ಯಂತ ತೀಕ್ಷ್ಣವಾಗಿರುವ ಕಾಲ. ಆದರೆ ಸಫಾರಿ ನಡೆಯುವುದು ಬೆಳಗಿನ ಮತ್ತು ಸಂಜೆಯ ಹೊತ್ತು. ಓರೆ ಬಿಸಿಲಿಗೆ ಚಾವಣಿಯೊಂದಿಗೆ ಟೋಪಿಯೂ ಅಗತ್ಯ. ಹಿನ್ನೀರಿನಲ್ಲಿ ಮುಳುಗಿದ ಹಳೆಯ ಮರಗಳ ಒಣಗಿದ ಕೊಂಬೆಗಳು ಅಲ್ಲಲ್ಲಿ ನೀರಿನಿಂದ ಮೇಲೆದ್ದಿರುವುದರಿಂದ, ಅಗಲವಾದ ಅಥವಾ ಎತ್ತರದ ಮೇಲ್ಕಟ್ಟು ಅವುಗಳಿಗೆ ಸಿಕ್ಕಿಕೊಳ್ಳುವ ಸಂಭವವಿದೆ. ಆನೆ ಕಂಡಾಗ ಎಲ್ಲರೂ ಒಂದೇ ಬದಿಗೆ ಏಳದಂತೆ ದೋಣಿ ನಡೆಸುವವನು ಮೊದಲೇ ತಿಳಿಸಬೇಕಾಗುತ್ತದೆ.

ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಪಕ್ಷಿಧಾಮದಲ್ಲಿ ಹುಟ್ಟು ಹಾಕುವ ದೋಣಿಗಳು ಬಳಕೆಯಲ್ಲಿವೆ. ಮರದ ಮೇಲಿನ ಗೂಡುಗಳನ್ನು ತಲೆಯೆತ್ತಿ ನೋಡಬೇಕಾದ ಇಂತಹ ಕಡೆ ಚಾವಣಿ ನೋಟಕ್ಕೆ ಅಡ್ಡಿಯಾಗುತ್ತದೆ.

ನಿರ್ವಹಣೆ

ಹಕ್ಕಿಯ ಹಿಕ್ಕೆ ಮತ್ತು ಧೂಳನ್ನು ತಣ್ಣೀರು, ಸೌಮ್ಯ ಸಾಬೂನು ಮತ್ತು ಮೃದು ಬ್ರಷ್‌ನಿಂದ ತೊಳೆಯಬೇಕು. ಒದ್ದೆ ಬಟ್ಟೆಯನ್ನು ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಪ್ರತಿ ಪ್ರಯಾಣಕ್ಕೆ ಮುನ್ನ ಕೀಲು, ಬೋಲ್ಟು ಮತ್ತು ಪಟ್ಟಿಗಳನ್ನು ಕೈಯಿಂದ ಅಲುಗಿಸಿ ಪರೀಕ್ಷಿಸಬೇಕು. ದೋಣಿಯನ್ನು ವಾಹನದ ಹಿಂದೆ ಕಟ್ಟಿ ರಸ್ತೆಯಲ್ಲಿ ಒಯ್ಯುವಾಗ ಮೇಲ್ಕಟ್ಟನ್ನು ಮಡಚಿ ಚೀಲದೊಳಗೆ ಬಿಗಿಯಾಗಿ ಕಟ್ಟಬೇಕು ಅಥವಾ ಕಳಚಿಡಬೇಕು. ಮಳೆಗಾಲದಲ್ಲಿ ದೋಣಿ ಬಳಸದೆ ಇರುವಾಗ ಬಟ್ಟೆಯನ್ನು ಒಣಗಿಸಿ ಒಳಗೆ ತೆಗೆದಿಟ್ಟರೆ ಅದರ ಬಾಳಿಕೆ ಹೆಚ್ಚುತ್ತದೆ.