ರಿಸ್ಕ್ ಎಷ್ಟಾಣೆ?

ಶಿಗ್ಗಾವಿಯಲ್ಲಿ ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದ ಕಾಲದಲ್ಲಿ ನನ್ನನ್ನು ಬಹಳ ಕಾಡಿದ್ದು ಎರಡು ಶಬ್ದ, ‘ಹಜಾರ್ಡ್’ ಮತ್ತು ‘ರಿಸ್ಕ್’. ಮಕ್ಕಳ ಗೈಡಿನಲ್ಲಿ ಎರಡಕ್ಕೂ ಅಪಾಯ ಎಂದೇ ಅರ್ಥ. “ಹಂಗಾದ್ರ ಎರಡು ಶಬ್ದ ಯಾಕ್ರಿ ಅಕ್ಕೋರ?” ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು, ನಾನು ಪಾರಾದೆ.

ಉತ್ತರ ಹೊಳೆದದ್ದು ಹಿರೇಕೆರೂರು ತಾಲೂಕಿನ ಅಜ್ಜಿಯ ಮನೆಯ ಹಗೇವು ನೆನಪಾದಾಗ. ನೆಲ ತೋಡಿ, ಹುಲ್ಲು ಹೊದಿಸಿ, ಜೋಳ ತುಂಬಿ ಬಾಯಿ ಮುಚ್ಚಿದ ಕಣಜ ಅದು. ತೆಗೆದ ಕೂಡಲೇ ಯಾರೂ ಇಳಿಯುವಂತಿರಲಿಲ್ಲ. ಒಳಗೆ ನಿಂತ ಕೆಟ್ಟ ಗಾಳಿ ಆಳನ್ನೇ ಕೊಲ್ಲುತ್ತದೆ. ಗಾಳಿಯಾಡಲು ಬಿಟ್ಟು, ಕಂದೀಲು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿತೆಂದರೆ ಇಳಿಯುವ ಮಾತೇ ಇಲ್ಲ. ಆ ಗಾಳಿ ಹಜಾರ್ಡ್, ಇಳಿಯುವವನು ಹೊರುವುದು ರಿಸ್ಕ್, ಕಂದೀಲು ಪ್ರಿಕಾಶನ್, ಜೋಳ ತುಂಬಿಟ್ಟದ್ದೇ ಪ್ಲಾನಿಂಗ್. ಮರುದಿನ ಹೀಗೆ ಹೇಳಿದೆ. ಹುಡುಗಿಯರು ಗೈಡು ಮುಚ್ಚಿಟ್ಟು ಕೇಳಿದರು.

ರಿಸ್ಕ್ ಎಂಬುದು ಇಟಲಿಯ ಕಡೆಯಿಂದ ಫ್ರೆಂಚಿನ ಮೂಲಕ 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಶಬ್ದ, ಹಡಗಿನ ವ್ಯಾಪಾರಿಗಳ ಮಾತು. ನಮ್ಮ ಸೀಮೆಗೆ ಹಡಗೆಲ್ಲಿಯದು? ನಮಗಿದ್ದದ್ದು ಮಳೆಯ ಚಿಂತೆ. ಮಾತುಗಳೂ ಬೇರೆ ದಾರಿಯಿಂದ ಬಂದವು. ಸವಣೂರು 1948ರವರೆಗೆ ನವಾಬರ ಸಂಸ್ಥಾನ. ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯವು. ಅಂದಾಜು, ಜಾಮೀನು, ಬಂದೋಬಸ್ತು ಎಲ್ಲವೂ ಪಾರಸಿ, ಅರಬ್ಬಿಯಿಂದ ಬಂದು ನಮ್ಮವಾದವು. ‘ಕಾಳಜಿ’ ಮರಾಠಿಯ ಕೊಡುಗೆ. ಚಿಂತೆಗೂ ಅದೇ, ಜೋಪಾನಕ್ಕೂ ಅದೇ. ಹೆಂಗಸರ ಬಾಳಿನಲ್ಲಿ ಇವೆರಡೂ ಬೇರೆಯಾಗಿದ್ದಾದರೂ ಯಾವಾಗ? ಇನ್ನು ‘ಧೋಕಾ’ ಮರಾಠಿಯಲ್ಲಿ ಅಪಾಯ, ಸವಣೂರಿನ ಉರ್ದುವಿನಲ್ಲಿ ಮೋಸ. ಆ ಊರಿಗೆ ಸೊಸೆಯಾಗಿ ಹೋದ ನಮ್ಮ ಚಿಗವ್ವ ಅದನ್ನಾಡಿದರೆ ಯಾವ ಅರ್ಥವೆಂದು ಮುಖ ನೋಡಿಯೇ ತಿಳಿಯಬೇಕಿತ್ತು.

1876ರಿಂದ 78ರವರೆಗಿನ ಬರ ಧಾರವಾಡ ಜಿಲ್ಲೆಯನ್ನೂ ಹಿಂಡಿತು. ಆಮೇಲೆ ಸರಕಾರಕ್ಕೆ ಮುಂದಾಲೋಚನೆ ಹುಟ್ಟಿತು. 1880ರಲ್ಲಿ ಕ್ಷಾಮ ಆಯೋಗದ ವರದಿ, ಅದರ ಬೆನ್ನಿಗೆ ಕ್ಷಾಮದ ನಿಯಮಾವಳಿ, 1883 ಮತ್ತು 84ರಲ್ಲಿ ರೈತರಿಗೆ ತಕಾವಿ ಸಾಲದ ಕಾಯಿದೆಗಳು. ಹಳ್ಳಿಯ ಬಾಯಲ್ಲಿ ಉಳಿದದ್ದು ಮಾತ್ರ ‘ಆಣೆವಾರಿ’. ಪೂರ್ತಿ ಬೆಳೆ ಹದಿನಾರಾಣೆ. ಪೈರು ನೋಡಿ ಈ ವರ್ಷ ಎಂಟಾಣೆ, ಆರಾಣೆ ಎಂದು ಅಂದಾಜು ಹಾಕುವರು. ಆಣೆ ತೀರ ಇಳಿದರೆ ಕಂದಾಯದ ವಸೂಲಿಗೆ ತಡೆ. ಅಕ್ಷರ ಬಾರದ ನಮ್ಮವ್ವನೂ ಈ ಲೆಕ್ಕದಲ್ಲಿ ಪಳಗಿದವಳು. 1957ರಲ್ಲಿ ನಯಾಪೈಸೆ ಬಂದರೂ ಅವಳ ಆಣೆ ಸವೆಯಲಿಲ್ಲ.

1984ರಲ್ಲಿ ಅಪ್ಪನನ್ನು ಹಾನಗಲ್ಲಿನಿಂದ ಹುಬ್ಬಳ್ಳಿಯ ದವಾಖಾನೆಗೆ ಒಯ್ದೆವು. ಹೊಟ್ಟೆಯ ಆಪರೇಶನ್. ಡಾಕ್ಟರರು ಕಾಗದ ಮುಂದಿಟ್ಟು, “ಸ್ವಲ್ಪ ರಿಸ್ಕ್ ಅದ” ಎಂದರು. ಇಂಗ್ಲಿಷ್ ಕಲಿಸುವ ನನಗೆ ಬಾಯಿ ಒಣಗಿತು. ಆ ‘ಸ್ವಲ್ಪ’ ಎಷ್ಟು ಎಂದು ಕೇಳಲು ಧೈರ್ಯವಾಗಲಿಲ್ಲ.

ಅವ್ವ ಸೆರಗು ಸರಿಮಾಡಿಕೊಂಡು, “ಹದಿನಾರಾಣೆದಾಗ ಎಷ್ಟಾಣೆ ಭರವಸೆ ಐತಿ ಹೇಳೋ ಯಪ್ಪಾ” ಅಂದಳು.

ಡಾಕ್ಟರರು ನಗಲಿಲ್ಲ. ಪೆನ್ನು ಕೆಳಗಿಟ್ಟು ಎಕ್ಸ್‌ರೇ ಮತ್ತೊಮ್ಮೆ ನೋಡಿ, “ಹನ್ನೆರಡಾಣೆ ಐತಬೇ ಯವ್ವಾ” ಅಂದರು.

“ಅದಕ್ಕಿಂತ ಕಡಿಮಿ ಬೆಳಿ ನಂಬಿ ಮಕ್ಕಳ ಮದುವಿ ಮಾಡೇವಿ” ಎಂದು ಅವ್ವ ಹೆಬ್ಬೆಟ್ಟು ಮುಂದೆ ಚಾಚಿದಳು. ಮಸಿಯ ಡಬ್ಬಿ ಹುಡುಕಿ ತಂದವಳು ನಾನು.

ಅಪ್ಪ ಆಮೇಲೆ ಒಂಬತ್ತು ಸುಗ್ಗಿ ಕಂಡ.